ಬೊಗಸೆ ಅಕ್ಕಿಯ ಲೆಕ್ಕ

ನಮ್ಮ ಮಸೀದಿಯ ಜಮಾಅತ್ ಕಚೇರಿಯಲ್ಲಿ ಬರೆದ ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಗೆರೆ ಹಾಕಿದ ಉದ್ದದ ಹಾಳೆ. "ಪತ್ನಿಗೂ ಮಗುವಿಗೂ ತಿಂಗಳಿಗೆ 3,000 ರೂಪಾಯಿ ಸಹಾಯ ಮಾಡಲು ಒಪ್ಪಿರುತ್ತೇನೆ" ಅಂತ ನನ್ನ ಗಂಡನ ಅಣ್ಣ ಬರೆದಿದ್ದರು. ಸಹಿ ಹಾಕುವ ಮೊದಲು ನಮ್ಮ ಮದ್ರಸದ ಗುರುಗಳಾದ ಉಸ್ತಾದರು ಹಾಳೆ ತೆಗೆದುಕೊಂಡು ಓದಿದರು. ಪೆನ್ನು ಕೇಳಿದರು. 'ಸಹಾಯ' ಎಂಬ ಪದಕ್ಕೆ ಗೆರೆ ಹೊಡೆದು, ಅದರ ಮೇಲೆ 'ನಫಕಾ' ಅಂತ ಬರೆದರು. ಹೆಂಡತಿ ಮಕ್ಕಳ ಖರ್ಚಿಗೆ ಗಂಡ ಕೊಡಲೇಬೇಕಾದದ್ದು ಅಂತ ಅದರ ಅರ್ಥ.

"ಸಹಾಯ ಮಾಡುವುದು ನೆರೆಮನೆಯವರು. ಗಂಡ ಕೊಡುವುದಕ್ಕೆ ಬೇರೆ ಹೆಸರಿದೆ," ಅಂದರು.

ನಾನು ಒಳಗಿನ ಕೋಣೆಯಲ್ಲಿ ಉಮ್ಮನ, ಅಂದರೆ ನನ್ನ ತಾಯಿಯ, ಪಕ್ಕ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಯವರೆಗೆ ನನಗೂ ಅದು ಸಹಾಯ ಅಂತಲೇ ಅನಿಸಿತ್ತು. ಇಷ್ಟಾದರೂ ಕೊಡಲಿ, ಅಲ್ಹಮ್ದುಲಿಲ್ಲಾಹ್ ಅಂತ ಕೂತಿದ್ದೆ. ಆ ಒಂದು ಪದ ಬದಲಾದ ಮೇಲೆ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಅಲ್ಲಿಂದ ಕೋರ್ಟಿನ ವಾರಂಟಿನವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಕೂತಿರುವವರು ತುಂಬಾ ಜನ ಇದ್ದಾರೆ, ಅವರಿಗೆ ಗೊತ್ತಾಗಲಿ ಅಂತ.

ನಾವು ಬ್ಯಾರಿಗಳು. ಊರು ಮಂಗಳೂರಿನ ಹತ್ತಿರ. ನನ್ನ ನಿಕಾಹ್ ಆದದ್ದು 2016ರಲ್ಲಿ. ಅವರು ಆಗ ಗಲ್ಫಿನಲ್ಲಿದ್ದರು. ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ತಿಂಗಳ ಮೊದಲ ವಾರ ಹಣ ಬರುತ್ತಿತ್ತು, ಅತ್ತೆಯ ಖಾತೆಗೆ. ನನಗೆ ಒಂದು ಸೋಪು ಬೇಕಾದರೂ ಅತ್ತೆಯ ಹತ್ತಿರ ಹೇಳಬೇಕಿತ್ತು. ಅದರಲ್ಲಿ ಏನೋ ತಪ್ಪಿದೆ ಅಂತ ಆಗ ಅನಿಸಿರಲಿಲ್ಲ. ನಮ್ಮ ಕಡೆ ಗಲ್ಫ್ ಮನೆಗಳು ಎಷ್ಟೋ ಹಾಗೆಯೇ ನಡೆಯುವುದು. 2018ರಲ್ಲಿ ಮಗಳು ಹುಟ್ಟಿದಳು. 2020ರಲ್ಲಿ ಕೊರೊನಾ ಬಂದು ಅವರ ಕೆಲಸ ಹೋಯಿತು. ಊರಿಗೆ ಬಂದು ಮೊಬೈಲ್ ಅಂಗಡಿ ಹಾಕಿದರು. ನಿಕಾಹ್‌ನಲ್ಲಿ ಗಂಡ ಕೊಟ್ಟ ನನ್ನ ಮಹರ್‌ನ ಐದು ಪವನ್ ಚಿನ್ನವೂ ಅದಕ್ಕೇ ಹೋಯಿತು. ಅಂಗಡಿ ಓಡತೊಡಗಿತು. ನನ್ನ ಕೈಗೆ ಮಾತ್ರ ಏನೂ ಬರುತ್ತಿರಲಿಲ್ಲ.

2021ರ ನವೆಂಬರಿನಲ್ಲಿ ಮಗಳಿಗೆ ಜ್ವರ ಬಂತು. ಮೂರನೇ ದಿನವೂ ಇಳಿಯಲಿಲ್ಲ. ಡಾಕ್ಟರ ಫೀಸು, ಔಷಧಿ ಎಲ್ಲ ಸೇರಿ 640 ರೂಪಾಯಿ. ಗಂಡನನ್ನು ಕೇಳಿದ್ದಕ್ಕೆ "ನಿನ್ನ ಕಾಕನನ್ನು ಕೇಳು" ಅಂದರು. ಕಾಕ ಅಂದರೆ ನನ್ನ ಅಣ್ಣ. ಕಾಕನೇ ಬಂದು ಕೊಟ್ಟ. ಎರಡು ವಾರ ಬಿಟ್ಟು ಅತ್ತೆ ಅಡಿಗೆಮನೆಯ ಅಕ್ಕಿ ಡಬ್ಬವನ್ನು ತಮ್ಮ ಕೋಣೆಗೆ ಸಾಗಿಸಿದರು. ದಿನದ ಅಕ್ಕಿ ಅಳೆದು ಕೊಡುತ್ತೇನೆ ಅಂದರು. ಅಂದು ಸಂಜೆ ಮಗಳನ್ನು ಎತ್ತಿಕೊಂಡು ಉಮ್ಮನ ಮನೆಗೆ ಬಂದೆ.

ಉಮ್ಮ ಬೀಡಿ ಕಟ್ಟುತ್ತಾರೆ. ಮದುವೆಗೆ ಮೊದಲು ನಾನೂ ಕಟ್ಟುತ್ತಿದ್ದೆ. ಬಂದ ಮರುದಿನವೇ ಬೀಡಿಯ ತಡ್ಪೆ (ಮೊರ) ಮಡಿಲಿಗೆ ಬಂತು. ಒದ್ದೆ ಎಲೆ, ತಗಡಿನ ಅಳತೆ, ಕತ್ತರಿ, ಹೊಗೆಸೊಪ್ಪು, ನೂಲು. ಬೆರಳು ಏನನ್ನೂ ಮರೆತಿರಲಿಲ್ಲ. ಮಗಳು ಶಾಲೆಗೆ ಹೋದ ಮೇಲೆ ಕೂತರೆ ಸಂಜೆಗೆ ಆರುನೂರು ಬೀಡಿ ಆಗುತ್ತಿತ್ತು. ಎಲೆ ಕೆಟ್ಟದಾಗಿದ್ದರೆ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಒಂದಿಷ್ಟು ಬೀಡಿ ಬದಿಗೆ ಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ತಿಂಗಳಿಗೆ ಮೂರು ಸಾವಿರ ದಾಟುತ್ತಿರಲಿಲ್ಲ. ಈ ಬೀಡಿಯ ವಿಷಯ ಮುಂದೆ ಕೋರ್ಟಿನಲ್ಲಿ ಬರುತ್ತದೆ, ಅದಕ್ಕೇ ಹೇಳಿದೆ.

2022ರ ಆಗಸ್ಟಿನಲ್ಲಿ ಜಮಾಅತ್‌ನವರು ಎರಡೂ ಕಡೆಯವರನ್ನು ಕೂರಿಸಿದರು. ಆ ಕಾಗದ ಆದದ್ದು ಆಗ. ಎರಡು ತಿಂಗಳು 3,000 ಬಂತು. ಮೂರನೇ ತಿಂಗಳು ಬರಲಿಲ್ಲ. ಫೋನ್ ಮಾಡಿದರೆ ಕಟ್ ಮಾಡುತ್ತಿದ್ದರು.

ಉಮ್ಮನೂ ನಾನೂ ಉಸ್ತಾದರನ್ನು ನೋಡಲು ಹೋದೆವು. ಮದ್ರಸ ಬಿಟ್ಟು ಮಕ್ಕಳೆಲ್ಲ ಹೋಗಿದ್ದರು. ಉಸ್ತಾದರು ಬೆಂಚು ಎಳೆದು ಕೂರಿಸಿದರು. ಆಮೇಲೆ ಹೇಳಿದ್ದು ನಾನು ಅಲ್ಲಿಯವರೆಗೆ ಯಾವ ಧಾರ್ಮಿಕ ಪ್ರವಚನದಲ್ಲೂ ಕೇಳಿರಲಿಲ್ಲ. ಗಂಡನ ಮಾತು ಕೇಳಬೇಕು ಅಂತ ಎಷ್ಟೋ ಸಲ ಕೇಳಿದ್ದೆ. ಅದರ ಇನ್ನೊಂದು ಬದಿಯನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಅವರು ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ತೋರಿಸಿದರು. "ಇದು ಒಂದು ಮುದ್ದ್. ನಾವು ಅನುಸರಿಸುವ ಶಾಫಿಯೀ ಪಂಥದ ಕಿತಾಬುಗಳಲ್ಲಿ ಹೆಂಡತಿಯ ಊಟಕ್ಕೆ ಅಳತೆಯೇ ಇದೆ. ಬಡವನಾದರೆ ದಿನಕ್ಕೆ ಒಂದು ಮುದ್ದ್. ಮಧ್ಯಮದವನಾದರೆ ಒಂದೂವರೆ. ಅನುಕೂಲಸ್ಥನಾದರೆ ಎರಡು. ಊರಲ್ಲಿ ಯಾವ ಧಾನ್ಯ ತಿನ್ನುತ್ತಾರೋ ಅದೇ. ನಮ್ಮಲ್ಲಾದರೆ ಅಕ್ಕಿ. ಅದರ ಮೇಲೆ ಸಾರು ಪಲ್ಯಕ್ಕೆ ಬೇಕಾದ್ದು, ಎಣ್ಣೆ, ಬಾಚಣಿಗೆ, ಸೋಪು. ಆರು ತಿಂಗಳಿಗೊಮ್ಮೆ ಬಟ್ಟೆ. ಇರಲು ಮನೆ. ಅವಳ ತವರಿನಲ್ಲಿ ಕೆಲಸದವಳು ಇದ್ದಳು ಅಂದರೆ ಇಲ್ಲಿಯೂ ಕೆಲಸದವಳ ಖರ್ಚು."

ಉಮ್ಮ ನಕ್ಕುಬಿಟ್ಟರು. "ನಮ್ಮ ಮನೇಲಿ ಎಲ್ಲಿಯ ಕೆಲಸದವಳು ಉಸ್ತಾದ್?"

"ಅದಲ್ಲ ವಿಷಯ. ಬಾಚಣಿಗೆಯವರೆಗೆ ಲೆಕ್ಕ ಇಟ್ಟಿದ್ದಾರೆ ಅನ್ನುವುದು ವಿಷಯ," ಅಂದರು.

ಕುರ್‌ಆನಿನ ತಲಾಖ್ ಸೂರಾದ (ಅಧ್ಯಾಯದ) 7ನೇ ಆಯತ್ (ವಚನ) ಓದಿ ಅರ್ಥ ಹೇಳಿದರು. ಅನುಕೂಲ ಇರುವವನು ತನ್ನ ಅನುಕೂಲಕ್ಕೆ ತಕ್ಕಂತೆ ಖರ್ಚು ಮಾಡಲಿ, ಕೈ ಬಿಗಿಯಾದವನು ಅಲ್ಲಾಹನು ತನಗೆ ಕೊಟ್ಟದ್ದರಿಂದಲೇ ಖರ್ಚು ಮಾಡಲಿ ಅಂತ. ಅಂದರೆ ಬಡತನಕ್ಕೆ ರಿಯಾಯಿತಿ ಇದೆ. ಪೂರ್ತಿ ಕೈ ಎತ್ತುವುದಕ್ಕೆ ದಾರಿ ಇಲ್ಲ. ಆಮೇಲೆ ಹಿಂದ್ ಬಿಂತ್ ಉತ್ಬಾ ಅವರ ಕಥೆ ಹೇಳಿದರು. ಅವರ ಗಂಡ ಅಬೂ ಸುಫ್ಯಾನ್ ಮಕ್ಕಾದ ದೊಡ್ಡ ಮನುಷ್ಯ. ಆದರೆ ಖರ್ಚಿಗೆ ಸರಿಯಾಗಿ ಕೊಡುತ್ತಿರಲಿಲ್ಲ. ಹಿಂದ್ ನೇರವಾಗಿ ಪ್ರವಾದಿಯವರ ಹತ್ತಿರ ಹೋಗಿ ದೂರು ಹೇಳಿದರು. ನಿನಗೂ ನಿನ್ನ ಮಕ್ಕಳಿಗೂ ಸಾಕಾಗುವಷ್ಟನ್ನು ಅವನ ಸೊತ್ತಿನಿಂದ ನ್ಯಾಯವಾಗಿ ತೆಗೆದುಕೋ ಅಂತ ಪ್ರವಾದಿಯವರು ಹೇಳಿದರು. ಪ್ರವಾದಿಯವರ ಮಾತುಗಳ ಸಂಗ್ರಹಗಳಾದ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಈ ಹದೀಸ್ ಇದೆ. ಯಾರೂ ಆ ಹೆಂಗಸಿಗೆ "ಗಂಡನ ಮರ್ಯಾದೆ ತೆಗೆದೆ" ಅನ್ನಲಿಲ್ಲ.

ಇನ್ನೊಂದು ಮಾತು ನನಗೆ ತುಂಬಾ ತಾಗಿತು. "ಕೊಡದ ನಫಕಾ ಮುಗಿದುಹೋಗುವುದಿಲ್ಲ ಮಗಳೇ. ನಮ್ಮ ಶಾಫಿಯೀ ಮದ್‌ಹಬಿನಲ್ಲಿ ಅದು ಗಂಡನ ಮೇಲೆ ಸಾಲ. ಅಂಗಡಿಯ ಉದ್ರಿ ಹೇಗೋ ಹಾಗೆ. ಸತ್ತರೆ ಪಾಲು ಮಾಡುವ ಮೊದಲು ಸೊತ್ತಿನಿಂದ ತೀರಿಸಬೇಕು." ಇನ್ನೊಂದು ಪಂಥದವರಾದ ಹನಫಿಗಳಲ್ಲಿ ಇದು ಬೇರೆ ಅಂತಲೂ ಹೇಳಿದರು. ಅವರಲ್ಲಿ ಖಾಝಿ ನಿಗದಿ ಮಾಡಿರಬೇಕು, ಇಲ್ಲವೇ ಇಬ್ಬರೂ ಒಂದು ಮೊತ್ತ ಒಪ್ಪಿಕೊಂಡಿರಬೇಕು. ಆಗ ಮಾತ್ರ ಹಿಂದಿನ ಬಾಕಿ ಕೇಳಬಹುದು. ಘಟ್ಟದ ಮೇಲಿನ ಮುಸ್ಲಿಮರು ಹೆಚ್ಚಿನವರು ಹನಫಿಗಳು. ಹಾಗಾಗಿ ಅಲ್ಲಿಯ ಹೆಂಗಸರು ತಡ ಮಾಡಿದಷ್ಟೂ ನಷ್ಟ.

ನಾನು ಮಗಳ ಜ್ವರದ ವಿಷಯ ಕೇಳಿದೆ. ಔಷಧಿಯ ಖರ್ಚು ಅಪ್ಪನದೇ ಅಲ್ವಾ ಅಂತ. ಮಗುವಿನದು ಪೂರ್ತಿ ಅಪ್ಪನದೇ ಅಂದರು. ಹೆಂಡತಿಯ ಔಷಧಿಯನ್ನು ಹಳೆಯ ಧರ್ಮಶಾಸ್ತ್ರದ ಕಿತಾಬುಗಳು ನಫಕಾದಲ್ಲಿ ಸೇರಿಸಿಲ್ಲ, ಈಗಿನ ಎಷ್ಟೋ ವಿದ್ವಾಂಸರು ಸೇರಿಸುತ್ತಾರೆ ಅಂತ ಮುಚ್ಚಿಡದೆ ಹೇಳಿದರು. ಗೊತ್ತಿದ್ದದ್ದನ್ನು ನನಗೆ ಬೇಕಾದ ಹಾಗೆ ತಿರುಗಿಸಲಿಲ್ಲ. ಅದಕ್ಕೇ ಅವರ ಉಳಿದ ಮಾತಿನ ಮೇಲೂ ನಂಬಿಕೆ ಬಂತು.

ಹೊರಡುವಾಗ ಉಮ್ಮ ಹೆದರುತ್ತಾ ಕೇಳಿದರು. "ಕೋರ್ಟಿಗೆ ಹೋದರೆ ಶರೀಅತ್ ಬಿಟ್ಟ ಹಾಗೆ ಆಗುತ್ತಾ ಉಸ್ತಾದ್?"

"ಹಿಂದೆ ಖಾಝಿ ಇದ್ದರು. ಅವರಿಗೆ ಅಧಿಕಾರ ಇತ್ತು, ಕೊಡದವನನ್ನು ಬಂಧಿಸಬಹುದಿತ್ತು. ನನ್ನ ಹತ್ತಿರ ಇರುವುದು ಈ ಪೆನ್ನು ಮಾತ್ರ," ಅಂದರು.

ಆದರೂ ನಾಲ್ಕೈದು ತಿಂಗಳು ಸುಮ್ನೆ ಹೋಯಿತು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಬೀಡಿ ಬ್ರಾಂಚಿನಲ್ಲಿ ಒಬ್ಬ ಅಕ್ಕ ಹೇಳಿದರು, "15100ಕ್ಕೆ ಫೋನ್ ಮಾಡು, ಹೆಂಗಸರಿಗೆ ವಕೀಲರು ಫ್ರೀ" ಅಂತ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ಇದು ಎಷ್ಟು ಜನರಿಗೆ ಗೊತ್ತಿದೆ? ನನಗಂತೂ ಗೊತ್ತಿರಲಿಲ್ಲ. ಆಧಾರ್, ನಿಕಾಹ್ ಸರ್ಟಿಫಿಕೇಟು, ಮಗಳ ಜನನ ಪ್ರಮಾಣ ಪತ್ರ, ಎರಡು ಫೋಟೋ ಹಿಡಿದು ಹೋದೆ. ಹದಿನೈದು ದಿನಕ್ಕೆ ಒಬ್ಬರು ವಕೀಲೆಯನ್ನು ನೇಮಿಸಿದರು.

ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೊದಲ ದಿನವೇ ಅವರು ಕೇಳಿದ್ದು ನನ್ನ ಕಷ್ಟವನ್ನಲ್ಲ, ನನ್ನ ಗಂಡನ ಸಂಪಾದನೆಯನ್ನು. ಅಂಗಡಿ ಯಾರ ಹೆಸರಲ್ಲಿದೆ? ಬಾಡಿಗೆ ಎಷ್ಟು? ಕೆಲಸದ ಹುಡುಗರು ಎಷ್ಟು? ಯಾವ ಬ್ಯಾಂಕು? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಐದು ವರ್ಷ ಸಂಸಾರ ಮಾಡಿದ ಗಂಡ ಎಷ್ಟು ಸಂಪಾದಿಸುತ್ತಾರೆ ಅಂತ ಗೊತ್ತಿಲ್ಲದೆ ಇದ್ದೆ ಅನ್ನುವುದು ಅಂದು ನನಗೆ ಹೊಳೆಯಿತು.

"ಒಂದು ಕೆಲಸ ಮಾಡಿ. ಯಾರನ್ನಾದರೂ ಅಂಗಡಿಗೆ ಕಳಿಸಿ ಏನಾದರೂ ಸಣ್ಣದು ತೆಗೆದುಕೊಳ್ಳಲು ಹೇಳಿ. ದುಡ್ಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಡಲಿ," ಅಂದರು ಮೇಡಂ. ಕಾಕನ ಗೆಳೆಯನೊಬ್ಬ ಹೋಗಿ 150 ರೂಪಾಯಿಯ ಮೊಬೈಲ್ ಗ್ಲಾಸ್ ಹಾಕಿಸಿಕೊಂಡು ಬಂದ. ಹಣ ಹೋದ ಖಾತೆಯ ಹೆಸರು ಫೋನಿನಲ್ಲಿ ಬಂತು. ನನ್ನ ಗಂಡನ ಹೆಸರೇ. ಆ ಸ್ಕ್ರೀನ್‌ಶಾಟಿನ ಬೆಲೆ ಆಮೇಲೆ ಗೊತ್ತಾಯಿತು.

2023ರ ಮಾರ್ಚಿನಲ್ಲಿ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆವು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಹಾಕುವ ಅರ್ಜಿಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ನಂಬರ್ ಬದಲಾಗಿದೆ, ಒಳಗಿನದು ಹೆಚ್ಚು ಕಮ್ಮಿ ಅದೇ. ಎಲ್ಲ ಧರ್ಮದವರಿಗೂ ಒಂದೇ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹಾಕಬೇಕು. ಗಂಡನ ಊರಿಗೇ ಹೋಗಬೇಕೆಂದಿಲ್ಲ, ಹೆಂಡತಿ ಈಗ ಇರುವ ಜಾಗದಲ್ಲೂ ಹಾಕಬಹುದು. ನನಗೆ 10,000, ಮಗಳಿಗೆ 5,000 ಕೇಳಿದೆವು.

ನೋಟಿಸ್ ಎರಡು ಸಲ ವಾಪಸ್ ಬಂತು. ಮನೆಯಲ್ಲಿ "ಇಲ್ಲಿ ಇಲ್ಲ, ಗಲ್ಫಿಗೆ ಹೋಗಿದ್ದಾರೆ" ಅಂದರಂತೆ. ಅದೇ ಹೊತ್ತಿಗೆ ಅವರು ಮೂರು ಕಿಲೋಮೀಟರ್ ಆಚೆ ಅಂಗಡಿಯಲ್ಲಿ ಕೂತಿದ್ದರು. ಮೂರನೇ ಸಲ ಅಂಗಡಿಯ ವಿಳಾಸ ಕೊಟ್ಟೆವು. ಆಗಸ್ಟಿನಲ್ಲಿ ಜಾರಿಯಾಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾನೂನಿನಲ್ಲೇ ಇದೆ. ಆದರೆ ಆ ಎಣಿಕೆ ಶುರುವಾಗಬೇಕಾದರೆ ನೋಟಿಸ್ ಮುಟ್ಟಬೇಕಲ್ಲ? ಸರಿಯಾದ ವಿಳಾಸ ಕೊಡಿ. ಇದೊಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಪ್ರಮಾಣ ಪತ್ರದ ದಿನ ಬಂತು. 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ನಿಯಮ ಮಾಡಿದೆ. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಪುಟಗಟ್ಟಲೆ ಇದೆ. ಆದಾಯದ ಜಾಗಕ್ಕೆ ಬಂದಾಗ ನಾನು ಸುಮ್ಮನಾದೆ. ಬೀಡಿಯ ದುಡ್ಡು ಬರೆದರೆ ನನಗೆ ಏನೂ ಸಿಗುವುದಿಲ್ಲವೇನೋ ಅಂತ ಭಯ.

"ಬರೆಯಿರಿ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಉಳಿದ ಸತ್ಯಕ್ಕೂ ಬೆಲೆ ಇರಲ್ಲ," ಅಂದರು ಮೇಡಂ.

ಬರೆದೆ. ತಿಂಗಳಿಗೆ 2,800.

ಗಂಡನ ಪ್ರಮಾಣ ಪತ್ರದಲ್ಲಿ ಅಂಗಡಿ ಅಣ್ಣನದು, ತಾನು ಅಲ್ಲಿ 12,000 ಸಂಬಳಕ್ಕೆ ಇದ್ದೇನೆ ಅಂತ ಇತ್ತು. ಮೇಡಂ ಆ 150 ರೂಪಾಯಿಯ ಸ್ಕ್ರೀನ್‌ಶಾಟ್ ಹಾಕಿ, ಆ ಖಾತೆಯ ಸ್ಟೇಟ್‌ಮೆಂಟ್ ತರಿಸಬೇಕೆಂದು ಅರ್ಜಿ ಕೊಟ್ಟರು. ಸ್ಟೇಟ್‌ಮೆಂಟ್ ಬಂತು. ಗಿರಾಕಿಗಳ ದುಡ್ಡು ದಿನಾ ಅದೇ ಖಾತೆಗೆ ಬೀಳುತ್ತಿತ್ತು. ಸಂಬಳ ಅಂತ ಒಂದು ಸಾಲೂ ಇರಲಿಲ್ಲ. ನವೆಂಬರಿನಲ್ಲಿ ಇಬ್ಬರಿಗೂ ಸೇರಿ 5,000 ಮಧ್ಯಂತರ ಜೀವನಾಂಶ ಆಯಿತು.

ನಡುವೆ ಮಧ್ಯಸ್ಥಿಕೆಗೂ ಕಳಿಸಿದರು. ಎರಡು ವರ್ಷದ ಮೇಲೆ ಎದುರೆದುರು ಕೂತದ್ದು ಅಲ್ಲೇ. ಗಂಡ ಸ್ವಲ್ಪ ಸೊರಗಿದ್ದರು. "ಬಂದರೆ ಸಾಕುತ್ತೇನೆ. ಬರದಿದ್ದರೆ ಯಾಕೆ ಕೊಡಬೇಕು?" ಅಂದರು.

ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು. ಸರಿಯಾದ ಕಾರಣ ಇಲ್ಲದೆ ಹೆಂಡತಿ ಗಂಡನ ಜೊತೆ ಇರಲು ನಿರಾಕರಿಸಿದರೆ ಅವಳಿಗೆ ಜೀವನಾಂಶ ಇಲ್ಲ ಅಂತ ಕಾನೂನಿನಲ್ಲಿ ಇದೆ. ಶರೀಅತ್‌ನಲ್ಲೂ ನುಶೂಝ್ ಅಂತ ಹೆಚ್ಚು ಕಮ್ಮಿ ಇದೇ ಮಾತಿದೆ. ಹಾಗಾಗಿ 'ಯಾಕೆ ಬಂದೆ' ಅನ್ನುವುದನ್ನು ಹೇಳಲೇಬೇಕು. ನಾನು ಔಷಧಿಯ ದುಡ್ಡಿನ ವಿಷಯ, ಅಕ್ಕಿ ಡಬ್ಬದ ವಿಷಯ ಹೇಳಿದೆ. ಒಂದು ಕೋಣೆ ಮತ್ತು ಬೇರೆ ಒಲೆ ಕೊಡಿ, ನಾಳೆಯೇ ಬರುತ್ತೇನೆ ಅಂದೆ. ನೀವು ವಾಸಿಸುವ ಕಡೆ ನಿಮ್ಮ ಶಕ್ತಿಗೆ ತಕ್ಕಂತೆ ಅವರನ್ನೂ ಇರಿಸಿ, ಇಕ್ಕಟ್ಟು ಮಾಡಿ ಪೀಡಿಸಬೇಡಿ ಅಂತ ಕುರ್‌ಆನ್ ಹೇಳುತ್ತದೆ. ಅದೇ ತಲಾಖ್ ಸೂರಾದ 6ನೇ ಆಯತ್. ಅದು ತಲಾಖ್ ಆದವಳ ವಿಷಯದಲ್ಲಿ ಬಂದ ಮಾತು. ತಲಾಖ್ ಆದವಳಿಗೇ ಇಷ್ಟು ಮರ್ಯಾದೆ ಇದ್ದರೆ, ಸಂಸಾರದಲ್ಲಿ ಇರುವವಳಿಗೆ? ಹನಫಿ ಕಿತಾಬುಗಳಲ್ಲಂತೂ ಬೀಗ ಹಾಕಬಹುದಾದ ತನ್ನದೇ ಕೋಣೆ ಹೆಂಡತಿಯ ಹಕ್ಕು ಅಂತ ಬಿಡಿಸಿ ಬರೆದಿದ್ದಾರೆ.

ಬೇರೆ ಒಲೆ ಆಗಲ್ಲ, ತನ್ನ ಉಮ್ಮ ಒಪ್ಪಲ್ಲ ಅಂದರು ಅವರು. ಮಧ್ಯಸ್ಥಿಕೆ ಅಲ್ಲಿಗೆ ಮುಗಿಯಿತು.

ಹೊರಗೆ ಬಂದಾಗ ಅವರ ಅಣ್ಣ ಕಾಕನಿಗೆ ಕೇಳುವ ಹಾಗೆ ಹೇಳಿದರು. "ತಲಾಖ್ ಕೊಟ್ಟು ಇದ್ದತ್‌ನ ಮೂರು ತಿಂಗಳ ಖರ್ಚು ಬಿಸಾಡಿದರೆ ಆಯ್ತು. ಆಮೇಲೆ ಯಾವ ಕೋರ್ಟು?"

ಇದ್ದತ್ ಅಂದರೆ ತಲಾಖ್ ಆದ ಮೇಲೆ ಹೆಂಗಸು ಬೇರೆ ಮದುವೆಯಾಗದೆ ಕಾಯಬೇಕಾದ ಅವಧಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಮೇಡಂಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಹೇಳಿದರು. ಇಂದೋರಿನ ಶಾಬಾನು ಅವರಿಗೆ ಹೈಕೋರ್ಟು ತಿಂಗಳಿಗೆ 179 ರೂಪಾಯಿ 20 ಪೈಸೆ ಕೊಡಿಸಿತ್ತು. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೇಶವೆಲ್ಲ ಗಲಾಟೆಯಾಗಿ 1986ರಲ್ಲಿ ಹೊಸ ಕಾನೂನು ಬಂತು. ಖರ್ಚು ಇದ್ದತ್‌ನವರೆಗೆ ಮಾತ್ರ ಅನ್ನುವ ಹಳೆಯ ಮಾತಿಗೆ ಆ ಕಾನೂನಿನಿಂದ ಬಲ ಬಂತು. ಆದರೆ 2001ರಲ್ಲಿ ದಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿ ಹೇಳಿತು. ಹಣ ಕೊಡಬೇಕಾದದ್ದು ಇದ್ದತ್‌ನ ಒಳಗೆ, ಅದು ಸಾಕಾಗಬೇಕಾದದ್ದು ಅವಳ ಮುಂದಿನ ಬದುಕಿಗೆ ಅಂತ. "ನಮ್ಮ ಕರ್ನಾಟಕ ಹೈಕೋರ್ಟೇ 2021ರಲ್ಲಿ ಹೇಳಿದೆ. ನಿಕಾಹ್ ಒಂದು ಕರಾರು, ನಿಜ. ಆದರೆ ಕರಾರು ಮುರಿದ ಕೂಡಲೇ ಅದರಿಂದ ಹುಟ್ಟಿದ ಬಾಧ್ಯತೆಗಳೆಲ್ಲ ಅಳಿಸಿಹೋಗಲ್ಲ ಅಂತ. ಹೆದರಬೇಡಿ," ಅಂದರು.

ಉಸ್ತಾದರು ಇನ್ನೂ ಒಂದು ಹೇಳಿದರು. ಬಕರಾ ಸೂರಾದ 241ನೇ ಆಯತ್‌ನಲ್ಲಿ ತಲಾಖ್ ಆದ ಹೆಂಗಸರಿಗೆ ನ್ಯಾಯವಾದ ಜೀವನ ಸೌಕರ್ಯ ಕೊಡುವುದು ದೇವಭಯ ಇರುವವರ ಮೇಲಿನ ಕರ್ತವ್ಯ ಅಂತ ಇದೆ. ಅದಕ್ಕೆ ಮತಾಅ್ ಅನ್ನುತ್ತಾರೆ. ಶಾಫಿಯೀಗಳಲ್ಲಿ, ಒಟ್ಟಿಗೆ ಸಂಸಾರ ಮಾಡಿ ತಲಾಖ್ ಪಡೆದವಳಿಗೆ ಅದನ್ನು ಕೊಡುವುದು ಕಡ್ಡಾಯ. ಮೂರು ತಿಂಗಳ ಖರ್ಚು ಬಿಸಾಡುವ ಮಾತು ಆಡುವವರು ಈ ಆಯತ್ ಓದಿಲ್ಲವಾ?

2024ರ ಜುಲೈ 10. ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಂತಿದ್ದೆ. ಮೇಡಂ ಒಂದು ಸುದ್ದಿ ಕಳಿಸಿದರು. ತಲಾಖ್ ಆದ ಮುಸ್ಲಿಂ ಹೆಂಗಸರೂ 125ನೇ ಕಲಂ ಅಡಿ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟು ತೆಲಂಗಾಣದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. 1986ರ ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ ಅಂತ. ತೀರ್ಪು ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮನೆಯಲ್ಲಿರುವ ಹೆಂಗಸಿನ ಕೈಗೂ ದುಡ್ಡು ಸಿಗುವ ಹಾಗೆ ಗಂಡ ಜಂಟಿ ಖಾತೆ ಮಾಡಬೇಕು, ಎಟಿಎಂ ಕಾರ್ಡ್ ಕೊಡಬೇಕು ಅಂತ ಅವರು ತೀರ್ಪಿನಲ್ಲಿ ಬರೆದಿದ್ದಾರೆ. ಅದನ್ನು ಎರಡು ಸಲ ಓದಿದೆ. ಅತ್ತೆಯ ಖಾತೆ ನೆನಪಾಯಿತು. ಸಾಲಿನಲ್ಲಿ ಹಿಂದೆ ಇದ್ದವರಿಗೂ ಓದಿ ಹೇಳಿದೆ. ಒಬ್ಬಳು "ಇನ್ನೊಂದು ಸಲ ಓದು" ಅಂದಳು.

ಅದಾಗಿ ಒಂದು ತಿಂಗಳಿಗೆ ನನ್ನ ಪಾಟಿ ಸವಾಲು. ಅವರ ವಕೀಲರು ನನ್ನ ಬೀಡಿಯ ಪಾಸ್‌ಬುಕ್ ಕೇಳಿದರು. ಕೊಟ್ಟೆ.

"ನೀವು ಬೀಡಿ ಕಟ್ಟುತ್ತೀರಿ, ಹೌದಲ್ಲವೇ?"

"ಹೌದು."

"ಅಂದರೆ ನಿಮ್ಮ ಜೀವನಕ್ಕೆ ನೀವೇ ಸಂಪಾದಿಸುತ್ತಿದ್ದೀರಿ."

"ಅವರು ಕೊಡದೆ ಇದ್ದದ್ದಕ್ಕೆ ಕಟ್ಟುತ್ತಿದ್ದೇನೆ ಸಾರ್."

ಇದಕ್ಕಿಂತ ಜಾಸ್ತಿ ಹೇಳಲು ಆಗಲಿಲ್ಲ. ಗಂಟಲು ಕಟ್ಟಿತು. ಹೇಳಬೇಕಾದದ್ದು ಎಷ್ಟೋ ಇತ್ತು. ಶರೀಅತ್ ಪ್ರಕಾರ ಹೆಂಡತಿಯ ಹತ್ತಿರ ಲಕ್ಷ ಇದ್ದರೂ ಅದು ಅವಳದು. ನಫಕಾ ಗಂಡನದೇ ಹೊಣೆ. ಅವಳಿಗೆ ಗತಿ ಇಲ್ಲ ಅಂತ ಕೊಡುವುದಲ್ಲ, ಅವಳು ಹೆಂಡತಿ ಅಂತ ಕೊಡುವುದು. ನಮ್ಮ ದೇಶದ ಕಾನೂನು ಇಲ್ಲಿ ಸ್ವಲ್ಪ ಬೇರೆ. ತನ್ನನ್ನು ತಾನು ಸಾಕಿಕೊಳ್ಳಲಾರದ ಹೆಂಡತಿ ಅಂತ ಕಲಂನಲ್ಲೇ ಇದೆ. ಆದರೆ ಸ್ವಲ್ಪ ಸಂಪಾದನೆ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ, ಗಂಡನ ಮನೆಯಲ್ಲಿ ಹೇಗಿದ್ದಳೋ ಹಾಗೆ ಇರಲು ಅದು ಸಾಕಾಗುತ್ತಾ ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ಮೇಡಂ ಅದನ್ನು ವಾದದಲ್ಲಿ ಹೇಳಿದರು. ನನಗೆ ಅನಿಸುವುದು ಇಷ್ಟೇ. ಈ ಒಂದು ವಿಷಯದಲ್ಲಿ ನನ್ನ ಧರ್ಮ ನನಗೆ ಕೊಟ್ಟದ್ದು ಕೋರ್ಟು ಕೊಟ್ಟದ್ದಕ್ಕಿಂತ ದೊಡ್ಡದು. ಅದನ್ನು ಕೊಡಿಸುವ ಕೈ ಮಾತ್ರ ಕೋರ್ಟಿಗೆ ಇದೆ.

2024ರ ನವೆಂಬರಿನಲ್ಲಿ ಆದೇಶ ಆಯಿತು. ನನಗೆ 5,500, ಮಗಳಿಗೆ 3,500. ಅರ್ಜಿ ಹಾಕಿದ ದಿನದಿಂದ ಲೆಕ್ಕ. 20 ತಿಂಗಳಿಗೆ 1,80,000. ಅದರಲ್ಲಿ ಮಧ್ಯಂತರ ಅಂತ ಕೊಟ್ಟ 60,000 ಕಳೆದು 1,20,000 ಬಾಕಿ. ಕೇಳಿದ್ದಕ್ಕಿಂತ ಕಮ್ಮಿ. ಆದರೂ ಆದೇಶದ ನಕಲು ಕೈಗೆ ಬಂದಾಗ ಉಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡರು.

ದುಡ್ಡು ಬರಲಿಲ್ಲ. ಆದೇಶ ಆದರೆ ದುಡ್ಡು ತಾನಾಗಿ ಬರುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ವಸೂಲಿಗೆ ಬೇರೆ ಅರ್ಜಿ ಹಾಕಬೇಕು. ಬಾಕಿ ಬಿದ್ದ ಒಂದು ವರ್ಷದ ಒಳಗೆ ಹಾಕದಿದ್ದರೆ ವಾರಂಟ್ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹೆಂಗಸರು ಗೆದ್ದ ದುಡ್ಡನ್ನು ಕಳೆದುಕೊಂಡಿದ್ದಾರೆ ಅಂತ ಮೇಡಂ ಹೇಳಿದರು. 2025ರ ಜನವರಿಯಲ್ಲಿ ಹಾಕಿದೆವು. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಹಾಕಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ, 1989ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಉಸ್ತಾದರು ಹೇಳಿದ ಸಾಲದ ಮಾತೇ ಅಲ್ವಾ ಇದು?

ಅವರು ಜೈಲಿಗೆ ಹೋಗುವುದು ನನಗೆ ಬೇಕಿರಲಿಲ್ಲ. ಮಗಳಿಗೆ ಏನು ಹೇಳಲಿ? ವಾರಂಟ್ ಹೊರಟ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಪೊಲೀಸರು ಅಂಗಡಿಗೆ ಹೋದ ಮರುದಿನವೇ ಅವರು ಕೋರ್ಟಿಗೆ ಬಂದು 40,000 ಕಟ್ಟಿದರು. ಉಳಿದದ್ದನ್ನು 40,000ದ ಇನ್ನೆರಡು ಕಂತಿನಲ್ಲಿ ಕೊಟ್ಟರು. ಅಲ್ಲಿಂದ ಈಚೆಗೆ ತಿಂಗಳ 10ರ ಸುಮಾರಿಗೆ 9,000 ಬರುತ್ತದೆ, ನನ್ನ ಖಾತೆಗೆ. ಒಮ್ಮೊಮ್ಮೆ 15ನೇ ತಾರೀಖು ಆಗುತ್ತದೆ. ಮೊದಲ ಸಲ ಬಂದಾಗ ಎಟಿಎಂಗೆ ಹೋಗಿ 500 ತೆಗೆದೆ. ಏನೂ ಬೇಕಿರಲಿಲ್ಲ. ತೆಗೆದು ನೋಡಬೇಕು ಅನಿಸಿತು.

ಎರಡು ವರ್ಷ ಗಂಡ ಖರ್ಚಿಗೆ ಕೊಡದಿದ್ದರೆ 1939ರ ಕಾನೂನಿನಲ್ಲಿ ಮದುವೆಯನ್ನೇ ರದ್ದು ಮಾಡಿಸಿಕೊಳ್ಳಬಹುದು. ಕಾಕ ಅದನ್ನು ಹೇಳುತ್ತಿರುತ್ತಾನೆ. ನಾನು ಇನ್ನೂ ತೀರ್ಮಾನ ಮಾಡಿಲ್ಲ. ಅದು ಬೇರೆಯೇ ವಿಷಯ.

ಈ ವರ್ಷ ನನ್ನ ಚಿಕ್ಕಮ್ಮನ ಮಗಳ ನಿಕಾಹ್ ಮಾತುಕತೆ ನಡೆಯಿತು. ಹುಡುಗ ಗಲ್ಫಿನಲ್ಲಿ. ಚಿನ್ನ, ಹಾಲ್, ಊಟ ಎಲ್ಲ ಮಾತಾಡಿ ಆಯಿತು. ಕೊನೆಗೆ ಚಿಕ್ಕಪ್ಪ ನನ್ನ ಕಡೆ ತಿರುಗಿ, "ನಿನಗೇನಾದರೂ ಕೇಳಲಿಕ್ಕುಂಟಾ?" ಅಂದರು. "ತಿಂಗಳ ಖರ್ಚು ಯಾರ ಖಾತೆಗೆ ಬರುತ್ತೆ ಅಂತ ಕೇಳಿ," ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ತಂದೆಯೇ, "ಅವಳ ಖಾತೆಗೇ ಬರಲಿ, ಅದರಲ್ಲೇನು?" ಅಂದರು.

ಕೋರ್ಟು ಲೆಕ್ಕ ಹಾಕಿದ್ದು ಅರ್ಜಿಯ ದಿನದಿಂದ. ಅದಕ್ಕೆ ಮೊದಲು ನಾನು ಉಮ್ಮನ ಮನೆಯಲ್ಲಿ ಕಳೆದದ್ದು 16 ತಿಂಗಳು. ಅದರಲ್ಲಿ ಎರಡು ತಿಂಗಳು 3,000 ಬಂದಿತ್ತು. ಉಳಿದ 14 ತಿಂಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಿಂಗಳ ಹೆಸರು ಹಾಕಿ ಬರೆದಿಟ್ಟಿದ್ದೇನೆ. ಒಂದೊಂದು ತಿಂಗಳ ಎದುರು ಅಕ್ಕಿ, ಎಣ್ಣೆ, ಬಟ್ಟೆ. ಮೊನ್ನೆ ಮಗಳು ಆ ಪುಟ ತೆರೆದು, "ಇದಕ್ಕೆ ಯಾಕೆ ಟಿಕ್ ಹಾಕಿಲ್ಲ ಉಮ್ಮ?" ಅಂತ ಕೇಳಿದಳು. ಅವಳ ಶಾಲೆಯ ಪುಸ್ತಕದಲ್ಲಿ ಎಲ್ಲದಕ್ಕೂ ಟಿಕ್ ಇರುತ್ತದೆ.

"ಅದು ಉಪ್ಪ ಇನ್ನೂ ಕೊಟ್ಟಿಲ್ಲ," ಅಂದೆ. ನೋಟ್‌ಬುಕ್ ತೆಗೆದುಕೊಂಡು ನಿಕಾಹ್ ಸರ್ಟಿಫಿಕೇಟಿನ ಜೊತೆ ಕಪಾಟಿನಲ್ಲಿ ಇಟ್ಟೆ.